ಹಸಿರು ಬಟ್ಟೆಯ ಕೊನೆಯ ಸಾಲು

ಆಗ ನಮಗೆ ಬೇಸಿಗೆ ರಜೆಯೆಂದರೆ ಹೊಲಿಗೆ ಯೂನಿಟ್ಟು. ರಾಯದುರ್ಗದಲ್ಲಿ ಅವ್ವಂದಿರು ಜೀನ್ಸ್ ಹೊಲಿಯಲು ಹೋದರೆ ಮಕ್ಕಳಾದ ನಾವೂ ಹಿಂದೆಯೇ ಹೋಗುತ್ತಿದ್ದೆವು. ಹೊಸ ಬಟ್ಟೆಯ ಗಂಜಿವಾಸನೆ, ಮಷಿನ್ ಎಣ್ಣೆಯ ವಾಸನೆ, ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ವಾಸನೆ. ದಾರ ಮುಗಿದ ಕೋನುಗಳನ್ನು ಉರುಳಿಸಿ ಆಡಿ ಆಡಿ ನಮ್ಮ ಬೆರಳೆಲ್ಲ ನೀಲಿಯಾಗುತ್ತಿದ್ದವು.

ನಾನು ಐದನೇ ತರಗತಿ ಮುಗಿಸಿದ ಬೇಸಿಗೆಯಲ್ಲಿ ಯೂನಿಟ್ಟಿಗೆ ಬೇರೆ ತರಹದ ಕೆಲಸ ಬಂತು. ಬಾಗಿಲಿಗಿಂತ ಎತ್ತರದ ಹಸಿರು ಬಟ್ಟೆ. ಅದರ ಮೇಲೆ ಬಿಳಿ ಬಟ್ಟೆಯಲ್ಲಿ ಕತ್ತರಿಸಿದ ಇಂಗ್ಲಿಷ್ ಅಕ್ಷರಗಳನ್ನು ಸಾಲಾಗಿ ಕೂರಿಸಿ ಹೊಲಿಯಬೇಕು. ಒಂದೊಂದು ಸಾಲಿಗೆ ಒಂದು ಇಸವಿ, ಒಂದು ಹೆಸರು. ಹೊಲಿಯುವವರಿಗೆ ಅಕ್ಷರ ಬಾರದು. ಆದ್ದರಿಂದ ಕಾಗದ ಹಿಡಿದು ಸಾಲು ಸರಿಯಿದೆಯೇ ಎಂದು ನೋಡುವ ಕೆಲಸ ನನಗೆ ಬಂತು. ನಮ್ಮ ಮನೆಯಲ್ಲಿ ಇಂಗ್ಲಿಷ್ ಅಕ್ಷರ ಕೂಡಿಸಿ ಓದಿದವಳು ನಾನೇ ಮೊದಲು. ಮುಂದೆ ಡಿಗ್ರಿ ಮುಗಿಸಿದವಳೂ ನಾನೇ ಮೊದಲು. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಬಟ್ಟೆಯ ನೆತ್ತಿಯಲ್ಲೊಂದು ಚಿತ್ರವಿತ್ತು. ನುಣ್ಣನೆಯ ಹಸಿರು ನೆಲ, ನೆಲದಲ್ಲಿ ಒಂದು ಕುಣಿ, ಕುಣಿಯಲ್ಲಿ ನೆಟ್ಟ ಸಣ್ಣ ಧ್ವಜ.

"ಇದೇನ್ರಿ ಮೇಸ್ತ್ರಿ?" ಎಂದಳು ಪಕ್ಕದ ಮಷಿನ್ನಿನ ಗಂಗಕ್ಕ.

"ಅದ್ಯಾವ್ದೋ ಫಾರಿನ್ ಆಟ ಅಂತವಾ. ನೀ ಹೊಲಿ."

"ಕುಣಿ ತೋಡಿ ಧ್ವಜ ನೆಟ್ಟು ಯಾರ್ ಆಟ ಆಡ್ತಾರ್ರಿ? ಇವು ಸತ್ತೋರ ಹೆಸರು. ಓದವಾ ಸುಮಿ, ಇಸ್ವಿ ಅದಾವಿಲ್ಲ?"

ಇದ್ದವು. ನಮ್ಮ ಕಡೆ ಹೂಳುವುದೇ ಪದ್ಧತಿ, ಗದ್ದುಗೆಯ ಮೇಲೆ ಧ್ವಜ, ಕಲ್ಲಿನ ಮೇಲೆ ಹೆಸರು ಮತ್ತು ಇಸವಿ. ಬದುಕಿದ್ದವರ ಹೆಸರನ್ನು ಇಸವಿಯ ಪಕ್ಕ ಬರೆದದ್ದನ್ನು ಆ ಯೂನಿಟ್ಟಿನಲ್ಲಿ ಯಾರೂ ಕಂಡಿರಲಿಲ್ಲ. ನಾನು ಗಟ್ಟಿಯಾಗಿ ಓದುತ್ತ ಹೋದೆ. ಒಂದೇ ಹೆಸರು ಮೂರು ವರ್ಷ ಸಾಲಾಗಿ ಬಂತು.

"ಮೂರು ಸಲ ಸತ್ತಾನೇನು?" ಎಂದು ಯಾರೋ ನಕ್ಕರು.

ನಡುವೆ ಐದಾರು ಇಸವಿಗಳ ಮುಂದೆ ಹೆಸರಿನ ಬದಲು ಬರೀ ಗೀಟು. ಆಗ ಯಾರೂ ನಗಲಿಲ್ಲ. ಅಷ್ಟು ವರ್ಷ ಒಬ್ಬರೂ ಸಾಯದ ಊರು ಯಾವುದು?

ಕೊನೆಯ ಸಾಲಿನಲ್ಲಿ ಇದ್ದದ್ದು ಅದೇ ವರ್ಷದ ಇಸವಿ. ಪಕ್ಕದಲ್ಲಿ ಹೆಸರಿಗೆಂದು ಬಿಳಿ ಅಂಚಿನ ಖಾಲಿ ಚೌಕ. ಗಂಗಕ್ಕ ಕೈ ತೆಗೆದಳು. "ನಾ ಒಲ್ಲೆ. ತೋಡಿದ ಕುಣಿ ಖಾಲಿ ಬಿಟ್ರ ಯಾರನ್ನಾರ ಕರೀತೈತಿ."

ಅದು ನನಗೆ ಗೊತ್ತಿತ್ತು. ಹಿಂದಿನ ಚಳಿಗಾಲ ಅಜ್ಜಿ ಬಸಮ್ಮ ತೀರಿಕೊಂಡಾಗ ಬೆಳುಗುಪ್ಪದ ನೆಂಟರು ಬರುವುದು ತಡವಾಗಿ, ತೋಡಿದ ಕುಣಿಯಲ್ಲಿ ಒಂದು ಕಲ್ಲು ಇಟ್ಟು ಕಾದಿದ್ದರು.

"ತರ್ರಿ ಇಲ್ಲಿ," ಎಂದು ಅವ್ವ ಬಟ್ಟೆಯನ್ನು ತನ್ನ ಮಷಿನ್ನಿಗೆ ಎಳೆದುಕೊಂಡಳು. ಚೌಕದ ನಾಲ್ಕನೆಯ ಅಂಚಿನಲ್ಲಿ ಸೂಜಿ ಅವಳ ಬೆರಳಿಗೇ ಇಳಿಯಿತು. ಒಂದು ಹನಿ ರಕ್ತ, ಸರಿಯಾಗಿ ಚೌಕದ ನಡುವೆ.

ಅವ್ವ ಉಗುಳು ಹಚ್ಚಿ ತಿಕ್ಕಿದಳು. ತನ್ನ ರಕ್ತ ತನ್ನ ಎಂಜಲಿಗೇ ಹೋಗುತ್ತದೆ, ಹೊಲಿಯುವವರೆಲ್ಲ ಬಲ್ಲರು. ಕಲೆ ಹೋಯಿತು. ಗಂಗಕ್ಕ ಮಾತ್ರ ಆ ಜಾಗವನ್ನೇ ನೋಡುತ್ತ, "ದೇವುಡಾ," ಎಂದಳು.

ಮರುದಿನ ಮಧ್ಯಾಹ್ನ ಕರೆಂಟ್ ಹೋಯಿತು. ಎಲ್ಲರೂ ಡಬ್ಬಿ ಹಿಡಿದು ಬೇವಿನ ನೆರಳಿಗೆ ಹೋದರು. ನಾನು ಒಳಗೇ ಉಳಿದೆ. ಅಷ್ಟು ಮಷಿನ್ನುಗಳು ಒಟ್ಟಿಗೆ ಸುಮ್ಮನಾದರೆ ಕಿವಿಯೊಳಗೆ ಏನೋ ಕುಳಿತಂತಾಗುತ್ತದೆ. ಮೇಜಿನ ಮೇಲೆ ಹಸಿರು ಬಟ್ಟೆ ಮಲಗಿತ್ತು. ಗಾಳಿಯಿರಲಿಲ್ಲ, ಆದರೂ ಕೊನೆಯ ಚೌಕ ಉಸಿರಾಡಿದಂತೆ ಸ್ವಲ್ಪ ಎದ್ದು ಇಳಿಯಿತು.

ಕುಣಿ ತುಂಬಬೇಕು, ಅದು ಅವ್ವನನ್ನು ಕರೆಯುವ ಮೊದಲು. ಆಗಲೇ ಸತ್ತವರನ್ನು ಇಟ್ಟರೆ ಮತ್ತೆ ಸಾಯುವುದು ಏನಿದೆ? ಕೈಸೂಜಿಗೆ ಹಸಿರು ದಾರ ಪೋಣಿಸಿ, ಹಸಿರಿನ ಮೇಲೆ ಹಸಿರಾಗಿ, ಇಂಗ್ಲಿಷಿನ ಏಳು ಅಕ್ಷರಗಳಲ್ಲಿ ಬಸಮ್ಮ ಎಂದು ಹೊಲಿದೆ. ಕೊನೆಯ ಅಕ್ಷರಕ್ಕೆ ಗಂಟು ಹಾಕಿ ದಾರ ಕಡಿದೆ. ಕರೆಂಟ್ ಬಂತು. ಅವ್ವನ ಮಷಿನ್ನೊಂದೇ ಟಕ್ ಟಕ್ ಟಕ್ ಎಂದು ಮೂರು ಹೊಲಿಗೆ ಹಾಕಿ ನಿಂತಿತು. ಪೆಡಲಿನ ಮೇಲೆ ಯಾರ ಕಾಲೂ ಇರಲಿಲ್ಲ.

ಮಡಚುವ ಮುಂಚೆ ಅವ್ವ ಬಟ್ಟೆಯ ಮೇಲೆ ಬೆರಳಾಡಿಸಿದಳು. ಕಣ್ಣಿಗೆ ಕಾಣದ್ದು ಅವಳ ಬೆರಳಿಗೆ ಸಿಕ್ಕಿತು.

"ಯಾರ್ದು ಇದು?"

"ಅಜ್ಜಿದು."

"ಯಾಕ?"

"ನಿಂದು ಬರಬಾರ್ದು ಅಂತ."

ಅವ್ವ ಹೊಲಿಗೆ ಬಿಚ್ಚುವ ಸಲಾಕೆ ಎತ್ತಿದಳು. ಮೇಸ್ತ್ರಿ ಕಂಡರೆ ಮರುದಿನದಿಂದ ಕೆಲಸವಿಲ್ಲ. ಮೊದಲ ಅಕ್ಷರಕ್ಕೆ ಅದರ ತುದಿ ತಾಗಿಸಿದಳು. ಆಮೇಲೆ ಕೆಳಗಿಟ್ಟಳು. "ಇರ್ಲಿ ಬಿಡು. ನಮ್ಮತ್ತಿ ಒಮ್ಮೆ ಕುಂತ ಜಾಗ ಬಿಟ್ಟಾಕಿ ಅಲ್ಲ," ಎಂದು ನಕ್ಕಳು. ಬಟ್ಟೆ ಬಳ್ಳಾರಿಯ ಲಾರಿ ಹತ್ತಿತು.

ಡಿಗ್ರಿ ಮುಗಿಸಿ ಕೆಲಸದ ಪರೀಕ್ಷೆಗೆ ಓದುವಾಗ, ಒಂದು ದೇಶದ ರಾಷ್ಟ್ರೀಯ ಓಪನ್ ಗಾಲ್ಫ್ ಪಂದ್ಯದ ಚರಿತ್ರೆ ನನ್ನ ಫೋನಿನಲ್ಲಿ ತೆರೆದುಕೊಂಡಿತು. ಮೂರು ಸಲ ಸತ್ತವನ ಹೆಸರು ನೋಡಿದ ಕೂಡಲೇ ಗುರುತು ಸಿಕ್ಕಿತು. ಅವನು ಸತ್ತಿರಲಿಲ್ಲ, ಮೂರು ವರ್ಷ ಗೆದ್ದಿದ್ದ. ಅವರೆಲ್ಲ ಗೆದ್ದವರು. ಗೀಟು ಎಳೆದ ವರ್ಷಗಳು ಯುದ್ಧದವು. ಸಾವೇ ಇಲ್ಲವೆಂದು ನಾವು ಅಂದುಕೊಂಡ ವರ್ಷಗಳಲ್ಲೇ ಎಲ್ಲಕ್ಕಿಂತ ಹೆಚ್ಚು ಜನ ಸತ್ತಿದ್ದರು. ಅದಕ್ಕೇ ಆಟ ನಿಂತಿತ್ತು.

ಕೆಳಗೊಂದು ಫೋಟೊ. ಯಾವುದೋ ಹಜಾರದ ಗೋಡೆಯ ಮೇಲೆ ನಮ್ಮ ಬಟ್ಟೆ, ಅದರ ಕೆಳಗೆ ಮುಂದಿನ ವರ್ಷಗಳ ಹೆಸರಿನ ಹೊಸ ತುಂಡು. ನಮ್ಮ ವರ್ಷದ ಚೌಕ ಮಾತ್ರ ಖಾಲಿ. ಆ ಸಲ ಪಂದ್ಯ ನಡೆಯಲಿಲ್ಲ ಎಂದಷ್ಟೇ ಬರೆದಿತ್ತು, ಕಾರಣ ಬರೆದಿರಲಿಲ್ಲ. ಚಿತ್ರ ದೊಡ್ಡದು ಮಾಡಿ ನೋಡಿದೆ. ಹಸಿರಿನ ಮೇಲೆ ಹಸಿರು, ಏನೂ ಕಾಣಲಿಲ್ಲ. ಆದರೂ ಫೋನನ್ನು ಬೋರಲು ಹಾಕಿ ಇಟ್ಟೆ.

ಈಗ ಅಂಥ ಅಕ್ಷರಗಳನ್ನು ಕಂಪ್ಯೂಟರ್ ಮಷಿನ್ನೇ ಹೊಲಿಯುತ್ತದೆ. ಓದಿ ಹೇಳಲು ಅಲ್ಲಿ ಯಾವ ಹುಡುಗಿಯೂ ಬೇಕಿಲ್ಲ. ಕಳೆದ ತಿಂಗಳು ಬಳ್ಳಾರಿಯ ಆಸ್ಪತ್ರೆಯ ಬೆಂಚಿನ ಮೇಲೆ ಅವ್ವನ ರಿಪೋರ್ಟು ನನ್ನ ಕೈಗೆ ಬಂತು. "ಏನ್ ಬರ್ದಾರ, ಓದವಾ," ಎಂದಳು. ಒಂದಕ್ಷರ ಬಿಡದೆ ನನಗೆ ಓದಲು ಬಂತು, ಒಳ್ಳೆಯ ಸುದ್ದಿ ಅದರಲ್ಲಿರಲಿಲ್ಲ. ಕಾಗದದ ಕೊನೆಯಲ್ಲಿ ಸಹಿಗೆಂದು ಬಿಟ್ಟ ಒಂದು ಚೌಕ ಖಾಲಿಯಿತ್ತು. ಹಸಿರು ದಾರದ ಏಳು ಅಕ್ಷರಗಳಿಂದ ಅವ್ವನನ್ನು ಉಳಿಸಿಕೊಂಡೆನೆಂದು ನಂಬಿದ್ದ ಆ ಹುಡುಗಿಯನ್ನು ಎಷ್ಟು ಹುಡುಕಿದರೂ, ಆ ಬೆಂಚಿನ ಮೇಲೆ ಅವಳು ನನಗೆ ಸಿಗಲಿಲ್ಲ.