ಹುಣಸೆಹುಳಿ ಬೆಳಗಿದ ಪಾತ್ರೆ

ಮೊದಲ ತುತ್ತಿಗೇ ಬಾಯಲ್ಲಿ ತಾಮ್ರದ ಕಾಸಿಟ್ಟ ಹಾಗಾಯಿತು. ಸಂತೆಯಲ್ಲಾದರೆ ಇಂಥ ಮಾಲನ್ನು ಅಲ್ಲೇ ದೂಡಿಬಿಡುವವನು ನಾನು. ಮನೆಯ ಬಂಗುಡೆ ಮೀನಿನ ಸಾರು ಎಂದು ನುಂಗಿದೆ.

ಕೈ ತೊಳೆಯುವ ಮೊದಲೇ ವಾಂತಿ.

ಹಸಿರು ನೀರು. ಒದ್ದೆ ಬಟ್ಟೆ ಹಿಂಡಿದ ಹಾಗೆ ಕರುಳು ತಿರುಚುತ್ತಿತ್ತು. ಅವ್ವ ಅಂಗಳದಲ್ಲಿ ಬಿದ್ದಿದ್ದಳು. ತಮ್ಮ ಕುಶಾಲಪ್ಪ ಕಂಬ ಹಿಡಿದು ಕಾರುತ್ತಿದ್ದ. ನೆಟ್ಟಗೆ ನಿಂತಿದ್ದವಳು ಅವನ ಹೆಂಡತಿ ದೇವಕಿ ಮಾತ್ರ. ಕೊಲ್ಲಮೊಗ್ರಿನಿಂದ ಮದುವೆಯಾಗಿ ಬಂದು ಇನ್ನೂ ಒಂದು ಮಳೆಗಾಲ ಕಳೆದಿರಲಿಲ್ಲ.

"ಇವಳಿಗೆ ಎಂತದೂ ಆಗ್ಲಿಲ್ಲ ನೋಡು. ಮದ್ದು ಹಾಕಿದ್ದಾಳೆ," ಎಂದಳು ಅವ್ವ.

ನಮ್ಮ ಕಡೆ ಮದ್ದು ಹಾಕುವುದೆಂದರೆ ಅನ್ನದಲ್ಲಿ ವಿಷ ಬೆರೆಸುವುದು. ಅಷ್ಟು ಸಾಕಾಯಿತು. ಕುಶಾಲಪ್ಪ ಅವಳ ಜಡೆ ಹಿಡಿದೆಳೆದು ಕೆನ್ನೆಗೆ ಬಾರಿಸಿದ, ಬಿದ್ದವಳನ್ನು ಒದ್ದ, ಮಾಡಿನ ಹಂಚಿನ ಸಂದಿಗೆ ಸಿಕ್ಕಿಸಿದ್ದ ಕತ್ತಿ ಎಳೆದ. ನನಗೆ ಏಳಲಾಗಲಿಲ್ಲ. ತೆವಳಿ ಹೋಗಿ ಅವನ ಕಾಲು ಹಿಡಿದೆ, ಆ ಪಾದದ ಮೇಲೆಯೇ ಮತ್ತೆ ಕಾರಿದೆ. ಅವನೂ ಕುಸಿದ. ಕತ್ತಿ ಅವಳ ಮುಂಗೈ ಸೀಳಿ ನೆಲಕ್ಕೆ ಬಿತ್ತು.

ವ್ಯಾಪಾರದಲ್ಲಿ ಕಾಳುಮೆಣಸು ಕೆಟ್ಟರೆ ನಾನು ಮೊದಲು ಚೀಲ ನೋಡುತ್ತೇನೆ, ಮಾರಿದವನನ್ನು ಆಮೇಲೆ.

"ನೀನು ಯಾಕೆ ಉಣ್ಲಿಲ್ಲ ಮಾರಾಯ್ತಿ?"

"ನೀವೆಲ್ಲ ಉಂಡ ಮೇಲಲ್ವಾ ಭಾವ ನಾನು ಉಣ್ಣುದು?"

ಅದೇ ಸಾರನ್ನು ಹಿಂದಿನ ರಾತ್ರಿ ಎಲ್ಲರೂ ಉಂಡಿದ್ದೆವು, ಏನೂ ಆಗಿರಲಿಲ್ಲ. ಆಮೇಲೆ ಮಣ್ಣಿನ ಪಾತ್ರೆ ಬಿರುಕುಬಿಟ್ಟು ಸೋರಿತಂತೆ. ಉಳಿದದ್ದನ್ನು ಅವಳು ನೀರು ಕಾಯಿಸುವ ತಾಮ್ರದ ಪಾತ್ರೆಗೆ ಸುರಿದಿದ್ದಳು. ನೀರಿನ ಪಾತ್ರೆಗೆ ಯಾರು ತವರದ ಕಲಾಯಿ ಹಾಕಿಸುತ್ತಾರೆ? ತರಿಸಿ ನೋಡಿದೆ. ಒಳಗೆ ಮೇಲೆಲ್ಲ ಕಪ್ಪು. ಸಾರು ನಿಂತಿದ್ದಷ್ಟು ಎತ್ತರಕ್ಕೆ ಹೊಸ ತಾಮ್ರದ ಹೊಳಪು. ಹುಣಸೆಹುಳಿ ಅದನ್ನು ಬೆಳಗಿತ್ತು. ಬೆಳಗಿ ತೆಗೆದದ್ದು ನಮ್ಮ ಹೊಟ್ಟೆಯಲ್ಲಿತ್ತು.

ಮುಂಗೈಗೆ ಸೆರಗು ಸುತ್ತಿಕೊಂಡು ರಸ್ತೆಗೆ ಓಡಿ ಜೀಪು ನಿಲ್ಲಿಸಿದವಳೂ ದೇವಕಿಯೇ.

ಪುತ್ತೂರಿನ ಆಸ್ಪತ್ರೆಯಲ್ಲಿ ಮೂವರಿಗೂ ಸಲೈನ್ ಹಾಕಿದರು. ಕಾಪರ್ ಪಾಯಿಸನ್ ಎಂದರು ಡಾಕ್ಟ್ರು. ಆಮೇಲೆ ದೇವಕಿಯ ಮುಂಗೈಗೆ ಸ್ಟಿಚ್ ಹಾಕುತ್ತ, ಊದಿದ ಕೆನ್ನೆ ನೋಡಿ ಕೇಳಿದರು:

"ಇದಕ್ಕೂ ಸಾರೇ ಕಾರಣವಾ?"

ಕುಶಾಲಪ್ಪ ಗೋಡೆಯ ಕಡೆ ತಿರುಗಿಕೊಂಡ.

ಕೇಳಿದವರಿಗೆಲ್ಲ ಈಗ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಹುಳಿ ಇರುವುದನ್ನು ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆಗೆ ಹಾಕಬೇಡಿ. ಕಲಾಯಿಯವನು ಕೊಟ್ಟ ಪಾತ್ರೆಯನ್ನು ಬಿಸಿಲಿಗೆ ಹಿಡಿದು ಒಳಗೆ ನೋಡಿ, ಎಲ್ಲಾದರೂ ಕೆಂಪೋ ಹಳದಿಯೋ ಕಂಡರೆ ಅಲ್ಲಿಂದಲೇ ವಾಪಸ್ಸು ಕೊಡಿ. ನಾಲಿಗೆಗೆ ಲೋಹದ ರುಚಿ ಹತ್ತಿದರೆ ಉಗಿಯಿರಿ, ಮರ್ಯಾದೆ ನೋಡಬೇಡಿ. ಮನೆಯಲ್ಲಿ ಒಬ್ಬರು ಮಾತ್ರ ಏನೂ ಆಗದೆ ಉಳಿದುಕೊಂಡರೆ ಅವರು ಏನು ಉಣ್ಣಲಿಲ್ಲ ಎಂದು ಕೇಳಿ. ಕತ್ತಿ ಮಾಡಿನಲ್ಲೇ ಇರಲಿ.

ನನಗೆ ಇನ್ನೂ ಮಜ್ಜಿಗೆ ಕುಡಿದರೂ ಎದೆ ಉರಿಯುತ್ತದೆ. ಅವ್ವನಿಗೆ ಕೋಲು ಬೇಕು. ಮೂವರೂ ಬದುಕಿದ್ದೇವೆ, ಅದು ದೊಡ್ಡದು.

ಆಸ್ಪತ್ರೆಯಿಂದ ಬಂದ ದಿನ ದೇವಕಿ ಗಂಜಿ ಬೇಯಿಸಿದಳು. ನಾವು ಮಣೆಯ ಮೇಲೆ ಕೂತೆವು. ಅವಳು ನಮಗೆ ಬಡಿಸಲಿಲ್ಲ. ಎದುರಿಗೆ ಕೂತು ತಾನೇ ಬಡಿಸಿಕೊಂಡಳು.

"ನಾನು ಮೊದಲು ಉಣ್ತೇನೆ. ನೀವು ನೋಡಿ."

ಎಡಗೈಯಿಂದ ನಿಧಾನಕ್ಕೆ ಉಂಡಳು. ಕುಶಾಲಪ್ಪ ಖಾಲಿ ಬಟ್ಟಲು ಹಿಡಿದು, ಅವಳ ಕಟ್ಟಿದ ಬಲಗೈ ನೋಡುತ್ತ, ಅವಳದು ಮುಗಿಯುವವರೆಗೆ ಕಾದ.