ಬಾಪುಟ್ಟಿಯ ಪಟ್ಟಿಯಲ್ಲಿ ಬೀಯಾತು

ಬಾಪುಟ್ಟಿ ಅರೀಕೋಡಿನಲ್ಲಿ ಇಪ್ಪತ್ತು ವರ್ಷ ಕುಂಚ ಹಿಡಿದು ಅಂಗಡಿ ಬೋರ್ಡು ಬರೆದವನು. ಕಣ್ಣು ಮಂಜಾದ ಮೇಲೆ ಕೋಳಿಕ್ಕೋಡಿನ ಗುಜರಿಯಿಂದ ಸ್ಟಿಕ್ಕರ್ ಕತ್ತರಿಸುವ ಯಂತ್ರ ತಂದ. ಅದು ಯಾವ ಕಂಪ್ಯೂಟರಿನ ಮಾತನ್ನೂ ಕೇಳಲಿಲ್ಲ. ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡು ಮಲಗಿದ್ದಾಗ ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆ ಕಲಿತು, ಆ ಯಂತ್ರಕ್ಕೆಂದೇ ಅದರ ಕರ್ನಲನ್ನು, ಅಂದರೆ ಒಳಗೆ ಕೂತು ಎಲ್ಲವನ್ನೂ ನಡೆಸುವ ತಿರುಳನ್ನು, ತಾನೇ ಕಟ್ಟಿದ. ಕಟ್ಟಿದವನು ಅದಕ್ಕೊಂದು ಹೆಸರಿಡಬಹುದು. ಆರೈಕೆ ಮಾಡಿದ ಹೆಂಡತಿ ಬೀಯಾತುವಿನ ಹೆಸರನ್ನೇ ಇಟ್ಟ. ಅವಳಿಗೆ ಹೇಳಲು ಮಾತ್ರ ನಾಚಿಕೆ.

ತಿಂಗಳಿಂದ ಪೀಡಿಸುತ್ತಿದ್ದ ಕಂಪ್ಯೂಟರಿನ ಅಪ್‌ಡೇಟಿಗೆ ಬಾಪುಟ್ಟಿ ಹೂಂ ಅಂದದ್ದು ಊರಿನ ಸೆವೆನ್ಸ್, ಅಂದರೆ ಏಳೇಳು ಜನ ಆಡುವ ಫುಟ್ಬಾಲಿನ, ಫೈನಲ್ ದಿನ. ಅಪ್‌ಡೇಟು ಮುಗಿಯುವಷ್ಟರಲ್ಲಿ ತಂಡದ ಮ್ಯಾನೇಜರ್ ಮಾನು, ಬದಲಿ ಆಟಗಾರರದೂ ಸೇರಿ ಹತ್ತು ಜರ್ಸಿ ತಂದು ಮೇಜಿನ ಮೇಲೆ ಸುರಿದ.

"ಬಾಪುಟ್ಟಿಕ್ಕಾ, ಐದಕ್ಕೆ ಆಟ. ನಂಬರಿಲ್ಲದಿದ್ರೆ ರೆಫರಿ ಒಳಗೇ ಬಿಡಲ್ಲ."

ಅಷ್ಟರಲ್ಲಿ ಬೀಯಾತು ಅಕ್ಕಿಹಿಟ್ಟಿನ ತೆಳು ರೊಟ್ಟಿ ಪತ್ತಿರಿ, ಕೋಳಿಸಾರು ಹಿಡಿದು ಬಂದಳು. ಪರದೆಯ ಮೇಲೆ ಮಲಯಾಳದಲ್ಲಿ ದೊಡ್ಡದಾಗಿ ಬಂದಿತ್ತು: 'ಬೀಯಾತು ಹಳೆಯದು. ತೆಗೆಯಲೇ?'

ಅವಳು ಎರಡು ಸಲ ಓದಿದಳು.

"ಏನಂತ ಹೇಳ್ತೀರಿ?"

"ಬೇಡ, ಬೇಡ!" ಎಂದು ಕೂಗಿ ಬಾಪುಟ್ಟಿ ಗುಂಡಿ ಒತ್ತಿದ.

"ಬೇಡ್ವಾ?"

"ತೆಗೆಯೋದು ಬೇಡ ಅಂದೆ ಕಣೇ!"

"ಹೌದೌದು. ಹಳೆಯದು ಅನ್ನೋದನ್ನ ಮಾತ್ರ ಒಪ್ಪಿಕೊಂಡ್ರಿ."

ಮಾನು ಜರ್ಸಿಯಲ್ಲಿ ಮುಖ ಮುಚ್ಚಿಕೊಂಡು ನಕ್ಕ.

ಕಂಪ್ಯೂಟರ್ ಆರಿ ಮತ್ತೆ ಶುರುವಾಯಿತು. ಯಂತ್ರ ಅಲ್ಲಾಡಲಿಲ್ಲ. ಬಾಪುಟ್ಟಿ ವಯರು ಕಿತ್ತು ಚುಚ್ಚಿದ, ಯಂತ್ರದ ಬೆನ್ನು ತಟ್ಟಿದ. ಗಂಟೆ ಮೂರೂವರೆ. ಮಾನುವಿನ ನಗು ನಿಂತಿತು.

"ಇಕ್ಕಾ, ಸುಣ್ಣದಲ್ಲಾದ್ರೂ ಬರೆದುಬಿಡಿ."

ಬಾಪುಟ್ಟಿ ಬೆವರುತ್ತಾ ಮತ್ತೊಮ್ಮೆ ಆರಿಸಿ ಹಚ್ಚಿದ. ಶುರುವಿನಲ್ಲಿ ಕರ್ನಲ್‌ಗಳ ಪಟ್ಟಿಯೊಂದು ಮೂಡಿ, ಯಾರೂ ಆಯ್ದುಕೊಳ್ಳದಿದ್ದರೆ ಮೇಲಿನದನ್ನೇ ಹಿಡಿದು, ಐದು ಎಣಿಸುವುದರೊಳಗೆ ಮಾಯವಾಗುವುದು ವಾಡಿಕೆ. ಈ ಸಲ ಬೀಯಾತು ಅವನ ಭುಜದ ಮೇಲಿಂದ ಬೆರಳು ಚಾಚಿದಳು.

"ಮೇಲೆ ಯಾವಳೋ ಹೊಸಬಳು ಕೂತಿದ್ದಾಳೆ. ನಾನು ಕೊನೆಯಲ್ಲಿದ್ದೀನಿ ನೋಡಿ."

ಬಾಪುಟ್ಟಿ ಬಾಣದ ಗುಂಡಿ ಒತ್ತುತ್ತಾ ಕೆಳಗಿಳಿದು ಬೀಯಾತುವನ್ನು ಆಯ್ದುಕೊಂಡ. ಯಂತ್ರ ಕರ್ರೆಂದು ಗಂಟಲು ಸರಿಮಾಡಿಕೊಂಡು ಮೊದಲ ನಂಬರನ್ನು, ಏಳನ್ನು, ಕತ್ತರಿಸಿತು.

ನಾಲ್ಕೂಮುಕ್ಕಾಲಿಗೆ ಮಾನು ನಂಬರು ಅಂಟಿಸಿದ ಹತ್ತೂ ಜರ್ಸಿ ಬಾಚಿಕೊಂಡು ಓಡಿದ. ಬಾಪುಟ್ಟಿ ಊಟಕ್ಕೆ ಕೈಚಾಚಿದರೆ ಬೀಯಾತು ತಟ್ಟೆ ಹಿಂದಕ್ಕೆಳೆದಳು.

"ಮೊದಲು ನನ್ನ ಮೇಲಕ್ಕೆ ಹಾಕಿ."

ಆರಿದ ಪತ್ತಿರಿಯನ್ನೇ ನೋಡುತ್ತಾ ಅವನು ಪಟ್ಟಿ ತಿದ್ದತೊಡಗಿದ.