ಅಂಗೈ ಮೇಲಿನ ನಿಂಬೆಹಣ್ಣು

2024ರ ಚಳಿಗಾಲ. ನಾನಾಗ ಹುಮನಾಬಾದಿನ ಒಂದು ಸಣ್ಣ ಖಾಸಗಿ ದವಾಖಾನೆಯಲ್ಲಿ ಫಿಸಿಯೋಥೆರಪಿಸ್ಟ್. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು. ಯಾರಾದರೂ ‘ಎಲ್ಲರಿಗೂ ಗೊತ್ತಿರೋದೇ’ ಎಂದರೆ, ಎಲ್ಲರೂ ಅಂದರೆ ಯಾರು ಎಂದು ಕೇಳದೆ ಬಿಡುತ್ತಿರಲಿಲ್ಲ. ಹೀಗಿರುವಾಗ ಬಸವಕಲ್ಯಾಣದಿಂದ ಸಂಗಮ್ಮ ಬಂದರು; ನಮ್ಮ ಕಡೆ ಹಿರಿಯ ಹೆಂಗಸರನ್ನು ಕರೆಯುವಂತೆ ನನಗೆ ಅವರು ‘ಕಾಕು’. ನನಗಿಂತ ಗಟ್ಟಿ ವಾದಿ.

ಎಡ ಸ್ತನದ ಕ್ಯಾನ್ಸರ್‌ಗೆ ಅವರಿಗೆ ಆಪರೇಷನ್, ಕೀಮೋ ಎರಡೂ ಆಗಿದ್ದವು. ಈಗ ದಿನಾ ಒಂದು ಲೆಟ್ರೊಜೋಲ್ ಮಾತ್ರೆ. ಮುಟ್ಟು ನಿಂತ ಮೇಲೂ ದೇಹದಲ್ಲಿ ಸ್ವಲ್ಪ ಈಸ್ಟ್ರೋಜೆನ್ ತಯಾರಾಗುತ್ತಲೇ ಇರುತ್ತದೆ. ಕೆಲವು ಬಗೆಯ ಸ್ತನ ಕ್ಯಾನ್ಸರಿಗೆ ಅದೇ ಆಹಾರ. ಈ ಮಾತ್ರೆ ಆ ಆಹಾರವನ್ನು ತಡೆಯುತ್ತದೆ, ವರ್ಷಗಟ್ಟಲೆ ನುಂಗಬೇಕು. ಆದರೆ ಕೆಲವರ ಕೀಲುಗಳು ತಕರಾರು ತೆಗೆಯುತ್ತವೆ: ಬೆಳಿಗ್ಗೆ ಎದ್ದರೆ ಬೆರಳು ಮಡಚಲೂ ಆಗದು, ಬಿಚ್ಚಲೂ ಆಗದು.

“ಅತ್ತಿ ಗುಳಿಗಿ ಬಿಡ್ತೀನಿ ಅನ್ನಾಕತ್ತಾರ್ರಿ. ನೀವಾರ ಹೇಳ್ರಿ,” ಎಂದಳು ಜೊತೆಗೆ ಬಂದಿದ್ದ ಸೊಸೆ ಸುವರ್ಣಾ.

ನಮ್ಮಲ್ಲಿ ನೋವನ್ನು ಅಂಕಿಯಲ್ಲಿ ಅಳೆಯುತ್ತೇವೆ. “ಹತ್ತಕ್ಕ ಎಷ್ಟು ನೋವು ಅದ ರೀ ಕಾಕು?”

“ಎರಡು.”

ಎರಡಕ್ಕೆ ಯಾರಾದರೂ ಕ್ಯಾನ್ಸರ್ ಮಾತ್ರೆ ಬಿಡುತ್ತಾರೆಯೆ? ವಾದದಲ್ಲಿ ಬಿರುಕು ಕಂಡರೆ ನನಗೆ ಮೈಯೆಲ್ಲ ಚುರುಕು. “ಮತ್ತ ಯಾಕ ಬಿಡ್ತೀರಿ?”

“ನನ್ನ ಮರ್ಜಿ.”

“ಮರ್ಜಿ ಅನ್ನೋದು ಕಾರಣ ಅಲ್ರಿ.”

ಕಾಕು ಸೊಸೆಯ ಕಡೆ ತಿರುಗಿದರು. “ಈ ಪೋರಿ ಡಾಕ್ಟರೋ, ವಕೀಲೋ?”

ಚರ್ಚೆಯ ತಾಲೀಮಿನಲ್ಲಿ ಪಕ್ಷ ಬದಲಿಸಿ ಮಾತಾಡಿಸುವ ಪದ್ಧತಿಯಿದೆ. ಅದನ್ನೇ ಹೂಡಿದೆ. “ಆಯ್ತ್ರಿ, ನಾ ನಿಮ್ಮ ಕಡಿ. ಗುಳಿಗಿ ಬಿಟ್ಟುಬಿಡ್ರಿ. ಕ್ಯಾನ್ಸರ್ ತಿರುಗಿ ಬಂದ್ರ ಬರಲಿ.”

“ಬರಲಿ ಅಂದ್ರ?” ಕಾಕು ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು. “ತಲಿ ಬೋಳಾಗಿ ಕುಂತಾಕಿ ನಾನು! ಕೀಮೋ ಅಂದ್ರ ಗೊತ್ತದೇನು ನಿನಗ? ಮೊಮ್ಮಗಳನ್ನ ಸಾಲಿಗಿ ಕಳಸಾಕಿ ಯಾರು, ನೀನಾ?”

“ಹಂಗಾದ್ರ ಯಾಕ ಬಿಡಾಕತ್ತೀರಿ?”

ಕಾಕು ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡು ಮೆಲ್ಲಗೆ ಅಂದರು: “ಕೈಯಾಗ ಲಿಂಗ ನಿಲ್ಲವಲ್ದು.”

ಬೆಳಿಗ್ಗೆ ಸ್ನಾನ ಮಾಡಿ, ಹನಿ ನೀರೂ ಕುಡಿಯದೆ, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಕಣ್ಣಿನ ಮಟ್ಟಕ್ಕೆ ಎತ್ತಿ ಪೂಜೆ. ಬೆರಳು ಅತ್ಯಂತ ಬಿಗಿಯಾಗಿರುವುದೂ ಅದೇ ಹೊತ್ತಿನಲ್ಲಿ. ಒಮ್ಮೆ ಲಿಂಗ ಜಾರಿ ಮಡಿಲಿಗೆ ಬಿದ್ದಿತ್ತು. ಅಂದಿನಿಂದ ಬಟ್ಟಲಲ್ಲಿಟ್ಟು ಪೂಜೆ, ಬಾಗಿಲು ಹಾಕಿಕೊಂಡು.

“ಅದಕ್ಕೇನ್ರಿ ಬಾಗಿಲಾ ಹಾಕ್ಕೊತಿದ್ರಿ?” ಸುವರ್ಣಾಳ ಕಣ್ಣು ತುಂಬಿತು.

ನಾನು ಪೂಜೆ ಮಾಡುವವಳಲ್ಲ. ಆದರೂ ಕುಣಿಯಬೇಕೆನಿಸಿತು! ಇಷ್ಟು ಖಚಿತವಾದ ಗುರಿಯನ್ನು ಯಾವ ರೋಗಿಯೂ ನನ್ನ ಕೈಗಿಟ್ಟಿರಲಿಲ್ಲ. “ಪೂಜಿ ಹನ್ನೊಂದಕ್ಕ ಇಟ್ಕೊರ್ರಿ, ಅಷ್ಟೊತ್ತಿಗಿ ಕೈ ಸಡಿಲ ಆಗ್ತದ,” ಎಂದೆ.

“ಅಲ್ಲೀತನಾ ನೀರೂ ಕುಡೀದೆ ಕೂಡಬೇಕೇನು? ಜಾಣಿ!”

ಆ ಸುತ್ತು ಅವರದು.

ಅಲ್ಲಿಂದಲೇ ಅವರ ಕ್ಯಾನ್ಸರ್ ತಜ್ಞರಿಗೆ ಫೋನ್ ಮಾಡಿದೆವು. ನೀವಾಗಿಯೇ ಬಿಡಬೇಡಿ ಎಂದರು. ಬೇರೆ ಕೀಲುರೋಗವಿಲ್ಲವೆಂದು ರಕ್ತಪರೀಕ್ಷೆಯಲ್ಲಿ ಖಾತ್ರಿಪಡಿಸಿಕೊಂಡು, ತಮ್ಮ ಉಸ್ತುವಾರಿಯಲ್ಲೇ ಸ್ವಲ್ಪ ದಿನ ಮಾತ್ರೆ ನಿಲ್ಲಿಸಿ, ಆಮೇಲೆ ಅದೇ ಗುಂಪಿನ ಇನ್ನೊಂದನ್ನು ಶುರುಮಾಡಿದರು. ನನ್ನ ಪಾಲಿನದು ಕೈ. ಸ್ನಾನದ ಹೊತ್ತಿಗೆ ಅಂಗೈಗೆ ಉಗುರುಬೆಚ್ಚನೆ ನೀರು. ಆಪರೇಷನ್ ಆದ ಕಡೆಯ ಕೈಯಾದ್ದರಿಂದ ಬಿಸಿ ಬೇಡ. ನೀರಿನೊಳಗೇ ಬೆರಳು ಬಿಚ್ಚಿ ಮಡಚುವುದು, ಸಂಜೆ ನಡಿಗೆ. ಇವುಗಳ ಜೊತೆಗೆ ನಾನೇ ಹೆಣೆದ ಒಂದು ವ್ಯಾಯಾಮ: ಅಂಗೈ ಮೇಲೆ ನಿಂಬೆಹಣ್ಣು ಇಟ್ಟು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿಯುವುದು.

“ನೋಡೇ ಸುವರ್ಣಾ, ಈ ನಾಸ್ತಿಕಿ ನನ್ನ ಕಡಿಂದ ನಿಂಬಿಹಣ್ಣಿನ ಪೂಜಿ ಮಾಡಸಾಕತ್ತಾಳ!”

ಮೊದಮೊದಲು ಹಣ್ಣು ಮಂಚದ ಕೆಳಗೇ ಉರುಳುತ್ತಿತ್ತಂತೆ. ಆಮೇಲೆ ತುಸು ನಿಂತಿತು, ಇನ್ನೂ ತುಸು. ಹೊಸ ಮಾತ್ರೆ ಶುರುವಾಗಿ ಕೆಲವು ವಾರ ಕಳೆದಿರಬೇಕು, ಒಂದು ಬೆಳಿಗ್ಗೆ ನಾನು ದವಾಖಾನೆ ಮೆಟ್ಟಿಲು ಹತ್ತುತ್ತಿದ್ದಾಗ ಸುವರ್ಣಾಳ ಫೋನ್. ಹಲೋ ಕೂಡ ಅನ್ನಲಿಲ್ಲ ಆಕೆ.

“ಬಾಗಿಲಾ ತೆರದಾರ್ರೀ! ಬಾಗಿಲಾ ತೆರದು ಪೂಜಿಗಿ ಕುಂತಾರ!”

ಮೆಟ್ಟಿಲ ಮೇಲೇ ನಿಂತು ಕೂಗಿಬಿಟ್ಟೆ. ಕಾಂಪೌಂಡರ್ ಓಡಿಬಂದ.

ಯಾವುದು ಗೆದ್ದಿತು? ಬದಲಾದ ಮಾತ್ರೆಯೋ, ನೀರೋ, ನಿಂಬೆಹಣ್ಣೋ? ಹೇಳಲಾರೆ. ಒಂದು ಕೇಸು ಪುರಾವೆಯಲ್ಲ. ತೀರ್ಪುಗಾರಳಾಗಿದ್ದರೆ ನಾನೇ ತಳ್ಳಿಹಾಕುತ್ತಿದ್ದೆ. ನೋವು ಪೂರ್ತಿ ಹೋಗಿಯೂ ಇಲ್ಲ. ಮುಂದಿನ ಸಲ ಬಂದಾಗ ಮತ್ತೆ ಕೇಳಿದೆ: “ಹತ್ತಕ್ಕ ಎಷ್ಟು ರೀ ಕಾಕು?”

“ನಾಲ್ಕು.”

ಕಾಗದದ ಪ್ರಕಾರ ನನ್ನ ಚಿಕಿತ್ಸೆ ನೋವನ್ನು ಇಮ್ಮಡಿ ಮಾಡಿತ್ತು. “ಆವತ್ತು ಎರಡು ಅಂದಿದ್ರಿ!”

“ಆವತ್ತು ನೀ ಯಾರೋ, ಖರೇ ಯಾಕ ಹೇಳ್ಲಿ?” ಎಂದು ನಕ್ಕರು.

“ಗುಳಿಗಿ?”

“ಪೂಜಿ ಆದ ಮ್ಯಾಲ, ನಾಷ್ಟಾ ಮಾಡಿ, ದಿನಾ ನುಂಗ್ತೇನಿ. ಸಾಕೋ, ಇನ್ನೂ ವಾದ ಅದನೋ?”

ಆ ಅಂಕಿಯನ್ನು ಈಗಲೂ ಬರೆದುಕೊಳ್ಳುತ್ತೇನೆ, ಆದರೆ ಕೊನೆಗೆ. ಹೊಸ ರೋಗಿ ಎದುರು ಕುಳಿತರೆ ನನ್ನ ಮೊದಲ ಪ್ರಶ್ನೆ ಬೇರೆ: “ಈ ಕೈಲಿಂದ ಯಾವ ಕೆಲಸ ನಿಂತದ ರೀ?”